ಸವೆದ ದುಡ್ಡಿನ ಬೆಲೆ

ಸಾಹಿತ್ಯ ವಿಮರ್ಶೆಯಲ್ಲಿ ನಾವು 'ಸವಕಲು ನಾಣ್ಯ' ಎಂಬ ಮಾತನ್ನು ತಿರಸ್ಕಾರದಿಂದ ಬಳಸುತ್ತೇವೆ. ಬಹು ಜನರ ಬಾಯಲ್ಲಿ ಬಹು ಕಾಲ ತಿರುಗಿ ಹೊಳಪು ಕಳೆದುಕೊಂಡ ಶಬ್ದಕ್ಕೋ ಉಪಮೆಗೋ ಆ ಹೆಸರು. ಮೂವತ್ತು ವರ್ಷಕ್ಕೂ ಮಿಕ್ಕಿ ತರಗತಿಯಲ್ಲಿ ಆ ಮಾತನ್ನು ಆಡಿದ ನನಗೆ, ನಿಜವಾದ ಸವಕಲು ನಾಣ್ಯವೊಂದನ್ನು ಅಂಗೈಯಲ್ಲಿಟ್ಟುಕೊಂಡು ನೋಡುವ ವ್ಯವಧಾನ ದೊರೆತದ್ದು ನಿವೃತ್ತಿಯ ಅನಂತರವೇ. ನಾಣ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೂ ವಿಜಾಪುರದಲ್ಲಿ ಮನೆ ಮಾಡಿದವನು ಹಳೆಯ ನಾಣ್ಯಗಳಿಂದ ಪೂರ್ತಿ ತಪ್ಪಿಸಿಕೊಳ್ಳುವುದು ಕಷ್ಟ. 2014ರ ನವೆಂಬರಿನಿಂದ ಈ ಊರನ್ನು ವಿಜಯಪುರವೆಂದು ಬರೆಯುತ್ತೇವೆ. ನಾಲಗೆಗೆ ಮಾತ್ರ ಹಳೆಯ ರೂಢಿ ಇನ್ನೂ ಬಿಟ್ಟಿಲ್ಲ. ಇಲ್ಲಿ ಪಾಯ ಅಗೆದರೂ ಹೊಲ ಹರಗಿದರೂ ಕಪ್ಪಾದ ತಾಮ್ರದ ಬಿಲ್ಲೆಯೊಂದು ಮಣ್ಣಿನೊಡನೆ ಮೇಲೆ ಬರುವುದು ಅಪರೂಪವಲ್ಲ.

ಕೆಲವು ತಿಂಗಳ ಹಿಂದೆ ಒಂದು ಸಂಜೆ, ಇಬ್ರಾಹಿಂಪುರದ ನಮ್ಮ ಓಣಿಯ ಹಿರಿಯ ತಾಯಿಯೊಬ್ಬರು ಸೆರಗಿನ ಮರೆಯಲ್ಲಿ ಒಂದು ತಗಡಿನ ಡಬ್ಬಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಎಂಬತ್ತು ದಾಟಿದ ಜೀವ. ಹಿಂದೆ ಅವರ ಮೊಮ್ಮಗ, ತಪ್ಪು ಮಾಡಿದವನಂತೆ ತಲೆ ತಗ್ಗಿಸಿಕೊಂಡು ನಿಂತಿದ್ದ.

"ಮಾಸ್ತರ್ರ, ಇದನ್ನಷ್ಟು ನೋಡಿ ಹೇಳ್ರಿ. ಹಣಮಪ್ಪನ ಬಿಲ್ಲೆಕ್ಕ ಒಂಬತ್ತು ಲಕ್ಷ ಕೊಡ್ತಾರಂತ. ಖರೇ ಏನ್ರಿ?"

ಸಂಗತಿ ಇಷ್ಟು. ಮೊಮ್ಮಗ ಮೊಬೈಲಿನಲ್ಲಿ ಯಾವುದೋ ಜಾಹೀರಾತು ನೋಡಿ ಅಜ್ಜಿಯ ಡಬ್ಬಿಯ ನಾಣ್ಯಗಳ ಚಿತ್ರ ಕಳಿಸಿದ್ದ. ಹನುಮಂತನ ಚಿತ್ರವಿರುವ ನಾಣ್ಯಕ್ಕೆ ಒಂಬತ್ತು ಲಕ್ಷ ರೂಪಾಯಿ ಎಂದು ಮರುದಿನವೇ ಉತ್ತರ ಬಂತು. ನೋಂದಣಿಯ ಶುಲ್ಕವೆಂದು 1,150 ರೂಪಾಯಿ ಕಳಿಸಿಯೂ ಆಯಿತು. ಈಗ ತೆರಿಗೆಯ ಮುಂಗಡವೆಂದು 18,000 ಕೇಳುತ್ತಿದ್ದರು. ಹುಡುಗನ ಕಾಲೇಜಿನ ಖರ್ಚು ಕಣ್ಣಮುಂದಿತ್ತು. ಕೊರಳಲ್ಲಿದ್ದ ಬೋರಮಾಳವನ್ನು ಮರುದಿನ ಬೆಳಿಗ್ಗೆ ಒತ್ತೆ ಇಡಬೇಕೆಂದು ಅಜ್ಜಿ ನಿಶ್ಚಯ ಮಾಡಿಕೊಂಡಿದ್ದರು. ಇಡುವ ಮೊದಲು ಓದಿದವರನ್ನು ಒಂದು ಮಾತು ಕೇಳೋಣವೆಂದು ಬಂದದ್ದು.

ಡಬ್ಬಿಯನ್ನು ವೃತ್ತಪತ್ರಿಕೆಯ ಮೇಲೆ ಸುರುವಿದೆವು. ನೂರಕ್ಕೂ ಹೆಚ್ಚು ನಾಣ್ಯಗಳಿದ್ದವು. ಅವರ ಅತ್ತೆಯ ಕಾಲದವು, ಗಂಡ ಹೊಲದಲ್ಲಿ ಆಯ್ದವು, ಚಲಾವಣೆ ನಿಂತ ಮೇಲೆ ಚೆಲ್ಲಲು ಮನಸ್ಸಾಗದೆ ಉಳಿಸಿಕೊಂಡವು, ಹೀಗೆ ಮೂರು ತಲೆಮಾರಿನ ಬಿಡಿಗಾಸು. ಬೆಳ್ಳಿ ಬಂಗಾರ ಒಂದೂ ಇರಲಿಲ್ಲ.

ಮೊದಲು ಆ ಹನುಮಂತನನ್ನೇ ಎತ್ತಿಕೊಂಡೆ. ಒಂದು ಬದಿಗೆ ಗದೆ ಹಿಡಿದ ಮಾರುತಿ. ಇನ್ನೊಂದು ಬದಿಗೆ ಇಂಗ್ಲಿಷಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಆಣೆ ಎಂಬ ಮಾತು, 1818 ಎಂಬ ಇಸವಿ. ಈ ಬಗೆಯ ಬಿಲ್ಲೆಗಳು ನಮ್ಮ ನಾಡಿನ ಜಾತ್ರೆಗಳಲ್ಲಿ, ತೀರ್ಥಕ್ಷೇತ್ರಗಳ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ. ರಾಮಪಟ್ಟಾಭಿಷೇಕದ್ದು, ಲಕ್ಷ್ಮಿಯದು, ಕೃಷ್ಣನದು ಎಂದು ಬಗೆಬಗೆ. ಕಂಪನಿಯು ಮದರಾಸಿನಲ್ಲಿ ಅಚ್ಚು ಹಾಕಿಸಿದ ಚಿನ್ನದ ಪಗೋಡಗಳ ಮೇಲೆ ವಿಷ್ಣುವಿನ ಆಕೃತಿ ಇದ್ದದ್ದುಂಟು, ನಿಜ. ನಮ್ಮ ವಿಜಯನಗರದ ಹರಿಹರ ಬುಕ್ಕರ ತಾಮ್ರದ ನಾಣ್ಯಗಳ ಮೇಲೆ ಹನುಮಂತನೂ ಇದ್ದಾನೆ. ಆದರೆ ಹನುಮಂತನ ಚಿತ್ರವುಳ್ಳ 1818ರ ಆಣೆಯೆಂಬ ನಾಣ್ಯವನ್ನು ಕಂಪನಿ ಎಂದೂ ಹೊರಡಿಸಲಿಲ್ಲ. ಇದು ನಾಣ್ಯವೇ ಅಲ್ಲ, ಪೂಜೆಗೆಂದೋ ನೆನಪಿಗೆಂದೋ ಯಾರೋ ಮಾಡಿ ಮಾರಿದ ಮುದ್ರೆ. ಇಂಥವುಗಳ ಮೇಲೆಯೇ ಅಕ್ಕಿಯನ್ನು ತನ್ನತ್ತ ಸೆಳೆಯುವ ದೈವಿಕ ತಾಮ್ರವೆಂಬ ಕಥೆ ಕಟ್ಟಿ ಮೋಸ ಮಾಡುವ ಗುಂಪುಗಳೂ ಇವೆ. ತಾಮ್ರವಾಗಲಿ ಕಂಚಾಗಲಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ತಾಮ್ರದ ನಾಣ್ಯವೆಂಬುದು ಅಯಸ್ಕಾಂತಕ್ಕೆ ಅಂಟಿತೆಂದರೆ ಒಳಗೆ ಕಬ್ಬಿಣವಿದೆ, ಅಷ್ಟೇ.

1818 ಎಂಬ ಇಸವಿಯನ್ನು ಈ ಮುದ್ರೆಗಳ ಮೇಲೆ ಮೊದಲು ಕೆತ್ತಿದವನಿಗೆ ಇತಿಹಾಸದ ಅರಿವು ಇತ್ತೋ ಇಲ್ಲವೋ, ನಮ್ಮ ಸೀಮೆಗೆ ಮಾತ್ರ ಅದು ಹುಸಿ ಇಸವಿಯಲ್ಲ. ಪೇಶ್ವೆಯ ಆಡಳಿತ ಮುಗಿದು ವಿಜಾಪುರ ಸೀಮೆ ಕಂಪನಿಯ ಕೈಗೆ ಬಂದದ್ದು ಅದೇ ವರ್ಷ. ಕಂಪನಿ ಅದನ್ನು ಸಾತಾರೆಯ ರಾಜನಿಗೆ ಒಪ್ಪಿಸಿತು. 1848ರಲ್ಲಿ ಅದು ಮುಂಬಯಿ ಪ್ರಾಂತಕ್ಕೆ ಸೇರಿತು.

ಒಂಬತ್ತು ಲಕ್ಷದ ಮಾತು ಅಲ್ಲಿಗೆ ಮುಗಿಯಿತು. ಹುಡುಗ ನೆಲ ನೋಡುತ್ತಿದ್ದ. ಅಜ್ಜಿ ಮಾತ್ರ ವಿಚಲಿತರಾಗದೆ, "ಉಳಿದವು ಖರೇವು ಅದಾವಲ್ರಿ?" ಎಂದರು. ಅವು ಖರೆಯವೇ. ಆದುದರಿಂದ ಒಂದೊಂದಾಗಿ ಬೇರ್ಪಡಿಸಲು ಕುಳಿತೆವು. ಅಂಚೆಯ ಕಾಗದ ತೂಗುವ ನನ್ನ ಪುಟ್ಟ ತಕ್ಕಡಿ, ಒಂದು ಭೂತಗನ್ನಡಿ, ಒಂದು ಅಳತೆಪಟ್ಟಿ, ಒಂದು ಅಯಸ್ಕಾಂತ, ಇಷ್ಟೇ ಉಪಕರಣ. ಪಕ್ಕದ ಓಣಿಯ ನಿವೃತ್ತ ಉರ್ದು ಶಿಕ್ಷಕರನ್ನೂ ಕರೆಸಿಕೊಂಡೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ಹಿಂದೊಮ್ಮೆ ನನಗೆ ಸಿಕ್ಕ ಕಪ್ಪು ನಾಣ್ಯವೊಂದನ್ನು ಹುಣಸೆಹಣ್ಣು ಉಪ್ಪು ಹಚ್ಚಿ, ತಾಮ್ರದ ತಂಬಿಗೆಯನ್ನು ಬೆಳಗಿದ ಹಾಗೆ ಬೆಳಗಿದ್ದೆ. ನಾಣ್ಯ ಥಳಥಳಿಸಿತು, ಅಕ್ಷರಗಳು ಹೋದವು. ಶತಮಾನಗಳ ಕಾಲ ತಾಮ್ರದ ಮೇಲೆ ಕೂಡಿದ ಆ ಕಪ್ಪು ಹಸಿರು ಪೊರೆಯೇ ಅಕ್ಷರವನ್ನು ಕಾಪಾಡಿಕೊಂಡು ಬಂದಿರುತ್ತದೆ. ಬೆಳಗಿದ ನಾಣ್ಯವನ್ನು ಸಂಗ್ರಾಹಕರು ಕೈಯಿಂದ ಮುಟ್ಟುವುದಿಲ್ಲ. ಮಣ್ಣು ಹೆಚ್ಚಾಗಿದ್ದರೆ ಬರಿಯ ನೀರಿನಲ್ಲಿ ನೆನೆಯಿಟ್ಟು ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಅಜ್ಜಿಯ ಡಬ್ಬಿಯಲ್ಲಿ ಅದೃಷ್ಟವಶಾತ್ ಯಾರೂ ಏನನ್ನೂ ಬೆಳಗಿರಲಿಲ್ಲ.

ಅತಿ ಕಪ್ಪಾದವು ನಾಲ್ಕು. ದುಂಡಗೂ ಇಲ್ಲ, ಚೌಕವೂ ಅಲ್ಲ. ದಪ್ಪ ತಗಡನ್ನು ಕತ್ತರಿಸಿ ಅಚ್ಚಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದಂಥವು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು, ಆದ್ದರಿಂದ ಬರಹದ ಒಂದು ಭಾಗ ಮಾತ್ರ ಬಿಲ್ಲೆಯ ಮೇಲೆ ಬಿದ್ದಿರುತ್ತದೆ. ಶಿಕ್ಷಕರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಎರಡನೆಯ ಬಿಲ್ಲೆಯಲ್ಲಿ 'ಇಬ್ರಾಹಿಂ' ಎಂಬುದು ಸ್ಪಷ್ಟವಾಗಿತ್ತು. ಅದರ ಕೆಳಗೆ ಅವರು ತೊಡರಿದರು. "ಅಬ್ಲಾ ಬಲಿ ಅಂತ ಕಾಣ್ತದ್ರಿ. ಇದು ಫಾರಸಿನೂ ಅಲ್ಲ, ಅರಬ್ಬಿನೂ ಅಲ್ಲ."

ಅಲ್ಲವೇ ಅಲ್ಲ. ಅದು ನಮ್ಮದೇ ಶಬ್ದ. ಅಬಲ, ಬಲಿ. ಬಲವಿಲ್ಲದವರಿಗೆ ಬಲವಾದವನು.

ಇದನ್ನು ನಾವಿಬ್ಬರು ಕಂಡುಹಿಡಿದೆವೆಂದು ಶ್ರೋತೃಗಳು ಭಾವಿಸಬಾರದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ತಾಮ್ರದ ನಾಣ್ಯಗಳ ಮೇಲಿನ ಈ ಬಿರುದನ್ನು ನಾಣ್ಯಶಾಸ್ತ್ರಜ್ಞರು ಬಹು ಹಿಂದೆಯೇ ಓದಿದ್ದಾರೆ. ಸ್ಟಾನ್ ಗೋರನ್ ಮತ್ತು ಜೆ. ಪಿ. ಗೋಯೆಂಕಾ ಅವರು 2001ರಲ್ಲಿ ಪ್ರಕಟಿಸಿದ ಭಾರತದ ಸುಲ್ತಾನರ ನಾಣ್ಯಗಳ ಬೃಹತ್ ಸೂಚಿಯಲ್ಲಿ ಆದಿಲ್‌ಶಾಹಿಗಳ ತಾಮ್ರದ ನಾಣ್ಯಗಳೂ ಸೇರಿವೆ. ಆದರೆ ಗ್ರಂಥದಲ್ಲಿ ನೋಡುವುದು ಬೇರೆ, ನೆರೆಮನೆಯ ಡಬ್ಬಿಯಿಂದ ಹೊರಬಂದ ಬಿಲ್ಲೆಯಲ್ಲಿ ನೋಡುವುದು ಬೇರೆ. ಹ್ರಸ್ವ ಸ್ವರಗಳನ್ನು ಬರೆಯದ ಲಿಪಿಯಲ್ಲಿ ಕೆತ್ತಿರುವುದರಿಂದ ಅದನ್ನು 'ಅಬ್ಲಾ ಬಲಿ' ಎಂದೂ ಓದಬಹುದು, 'ಅಬಲಾ ಬಲಿ' ಎಂದೂ ಓದಬಹುದು. 'ಅಬಲಾ' ಎಂದು ಹಿಡಿದರೆ ಹೆಂಗಸರೆಂಬ ಅರ್ಥಕ್ಕೂ ಎಡೆಯುಂಟು. ಕನ್ನಡದ ಕಿವಿಗೆ 'ಬಲಿ' ಎಂದೊಡನೆ ಬೇರೆಯ ಅರ್ಥವೇ ಮೊದಲು ಹೊಳೆಯುತ್ತದೆ. ಇಲ್ಲಿ ಅದು ಸಂಸ್ಕೃತದ 'ಬಲವಂತ' ಎಂಬ ಅರ್ಥದ ಬಲಿ. ಇನ್ನೊಂದು ಬದಿಯಲ್ಲಿ, ತಾನು ಅಲಿ ಮುರ್ತಜಾನ ಗುಲಾಮನೆಂಬ ಪಾರಸಿಯ ಮಾತು ಇರುತ್ತದೆ. ಒಂದು ಬದಿಗೆ ಅಲಿಯ ಸೇವಕ, ಇನ್ನೊಂದು ಬದಿಗೆ ಅಬಲರ ಬಲ.

ಈ ಇಬ್ರಾಹಿಂ 1580ರಲ್ಲಿ ಒಂಬತ್ತು ವರ್ಷದ ಬಾಲಕನಾಗಿ ಪಟ್ಟಕ್ಕೆ ಬಂದವನು. ಚಾಂದಬೀಬಿ ಅವನ ಪರವಾಗಿ ರಾಜ್ಯ ನೋಡಿಕೊಂಡಳು. 1627ರಲ್ಲಿ ತೀರಿಕೊಂಡ. ಜಗದ್ಗುರುವೆಂದು ಜನ ಕರೆದ ಸುಲ್ತಾನ. ದಖನಿಯಲ್ಲಿ 'ಕಿತಾಬೆ ನವರಸ್' ರಚಿಸಿ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದವನು. 1599ರಲ್ಲಿ ಊರಿನ ಪಶ್ಚಿಮಕ್ಕೆ ತೊರವಿಯ ಬಳಿ ನವರಸಪುರವೆಂಬ ಹೊಸ ನಗರವನ್ನು ಕಟ್ಟತೊಡಗಿದವನು. ಇವೆಲ್ಲ ನಮ್ಮ ಪಠ್ಯಪುಸ್ತಕಗಳಲ್ಲಿಯೇ ಇವೆ. ಪಠ್ಯಪುಸ್ತಕದಲ್ಲಿಲ್ಲದ ಒಂದು ಸಂಗತಿಯನ್ನು ಮಾತ್ರ ಇಲ್ಲಿ ನೆನೆಯಬೇಕು. 'ಕಿತಾಬೆ ನವರಸ್' ಆಸ್ಥಾನದ ರಸಿಕರ ಕೈಗೆ ಸಿಗುತ್ತಿದ್ದ ಕೃತಿ. ನವರಸಪುರದ ಅರಮನೆಯೊಳಗೆ ಎಲ್ಲರಿಗೂ ಪ್ರವೇಶವಿರಲಿಲ್ಲ. ಈ ತಾಮ್ರದ ಕಾಸಾದರೋ ಸೊಪ್ಪು ಮಾರುವವಳ ಉಡಿಯಲ್ಲಿ, ಕೂಲಿಯವನ ಚಂಚಿಯಲ್ಲಿ, ಪಿಂಜಾರನ ಗಲ್ಲೆಯಲ್ಲಿ ತಿರುಗಿದ್ದು. ಆದಿಲ್‌ಶಾಹಿಗಳಲ್ಲಿ ದೊಡ್ಡ ವ್ಯವಹಾರವೆಲ್ಲ ಹೊನ್ನಿನಲ್ಲಿ ನಡೆಯುತ್ತಿತ್ತು. ಬೆಳ್ಳಿಯಲ್ಲಿ ಎರಡನೆಯ ಅಲಿ ಆದಿಲ್‌ಶಾಹನ ಕಾಲದ ಲಾರಿಯೆಂಬ, ಕೂದಲಪಿನ್ನಿನಂತೆ ಮಡಿಚಿದ ತಂತಿಯ ನಾಣ್ಯ ಪ್ರಸಿದ್ಧ. ಅದು ಕೊಂಕಣ ಕರಾವಳಿಯ ಬಂದರುಗಳ ವ್ಯಾಪಾರಕ್ಕೆ ಒದಗಿದ್ದು. ಬಡವನ ಕೈಗೆ ಬರುತ್ತಿದ್ದ ರಾಜಮುದ್ರೆಯೆಂದರೆ ಈ ತಾಮ್ರವೊಂದೇ. ಅದರ ಮೇಲೆ ಸುಲ್ತಾನ ಈ ನೆಲದ ಶಬ್ದದಲ್ಲಿ ತನ್ನನ್ನು ಪರಿಚಯಿಸಿಕೊಂಡ. ಹಿಡಿದವರಲ್ಲಿ ಬಹುಪಾಲು ಜನ ಆ ಲಿಪಿ ಓದಬಲ್ಲವರಾಗಿರಲಿಲ್ಲ. ಓದಬಲ್ಲವನೊಬ್ಬ ಓದಿ ಹೇಳಿದರೆ ಅರ್ಥ ಎಲ್ಲರಿಗೂ ಆಗುತ್ತಿತ್ತು. ನಮ್ಮ ಶಿಕ್ಷಕರಿಗೂ ನನಗೂ ಅಂದು ಸಂಜೆ ನಡೆದದ್ದೂ ಹಾಗೆಯೇ. ಓದಿದವರು ಅವರು, ಅರ್ಥ ಹಿಡಿದವನು ನಾನು.

ಆ ಬಿರುದಿಗೆ ತಕ್ಕಂತೆ ಅವನ ಆಳ್ವಿಕೆಯಲ್ಲಿ ಅಬಲರಿಗೆ ಬಲ ಸಿಕ್ಕಿತೇ ಎಂದು ಕೇಳಬಹುದು. ನಾಣ್ಯದ ಮೇಲಿನ ಮಾತು ರಾಜನ ಮಾತು, ಪ್ರಜೆಯ ಸಾಕ್ಷ್ಯವಲ್ಲ. ಬಿರುದುಗಳನ್ನು ನಂಬಿ ಇತಿಹಾಸ ಬರೆಯಲಾಗದು. ಆದರೆ ಯಾವ ಭಾಷೆಯಲ್ಲಿ ಮಾತಾಡಿದರೆ ಪ್ರಜೆಗೆ ತಲುಪೀತೆಂದು ರಾಜ ಯೋಚಿಸಿದ ಎಂಬುದಂತೂ ಅಲ್ಲಿ ಉಳಿದಿದೆ.

ಉಳಿದ ಮೂರು ಆದಿಲ್‌ಶಾಹಿ ಬಿಲ್ಲೆಗಳಲ್ಲಿ ಒಂದೆರಡು ಅಕ್ಷರಗಳ ಹೊರತು ಏನೂ ತಿಳಿಯಲಿಲ್ಲ. ಅನಂತರದ ಗುಂಪು ಶಿವರಾಯಿಗಳದು, ಹನ್ನೊಂದು ಬಿಲ್ಲೆ. ದೇವನಾಗರಿಯಲ್ಲಿ ಒಂದು ಬದಿಗೆ 'ಶ್ರೀ ರಾಜಾ ಶಿವ', ಇನ್ನೊಂದು ಬದಿಗೆ 'ಛತ್ರಪತಿ' ಎಂದು ಮೂಲದ ಒಕ್ಕಣೆ. ಕೈಗೆ ಬರುವ ಬಿಲ್ಲೆಗಳಲ್ಲಿ ಒಂದು 'ಶ್ರೀ'ಯೋ ಒಂದು 'ಪತಿ'ಯೋ ಉಳಿದಿರುತ್ತದೆ. ಇದನ್ನು ಕಂಡೊಡನೆ ಶಿವಾಜಿಯೇ ಮುಟ್ಟಿದ ನಾಣ್ಯವೆಂದು ರೋಮಾಂಚನಗೊಳ್ಳುವವರಿದ್ದಾರೆ. ಶಿವಾಜಿ ಮಹಾರಾಜರು ಆರಂಭಿಸಿದ ಈ ಮಾದರಿಯನ್ನು ಅವರ ಅನಂತರದವರೂ ಪೇಶ್ವೆಗಳ ಕಾಲದ ಟಂಕಸಾಲೆಗಳೂ ಮುಂದುವರಿಸಿದವು. ದಖ್ಖನಿನ ಸಂತೆಗಳಲ್ಲಿ ಅದು ಹತ್ತೊಂಬತ್ತನೆಯ ಶತಮಾನದಲ್ಲಿಯೂ ಓಡುತ್ತಿತ್ತು. ಅಕ್ಷರ ಒರಟಾದಷ್ಟೂ, ಒಕ್ಕಣೆ ತಪ್ಪುತಪ್ಪಾದಷ್ಟೂ ಅದು ಈಚಿನದಾಗಿರುವ ಸಂಭವವೇ ಹೆಚ್ಚು. ರಾಜ್ಯ ಹೋದರೂ ರಾಜನ ಹೆಸರು ಚಿಲ್ಲರೆಯಲ್ಲಿ ಉಳಿಯಿತು. ಸಂತೆಗೆ ಬೇಕಾದದ್ದು ಗುರುತಿನ ತಾಮ್ರ, ಪಟ್ಟದಲ್ಲಿ ಯಾರಿದ್ದಾರೆ ಎಂಬುದಲ್ಲ.

ಒಂದು ದಪ್ಪ ಪೈಸೆಯ ಮೇಲೆ ತಕ್ಕಡಿಯ ಚಿತ್ರವಿತ್ತು. ಅದು 1830ರ ದಶಕದ ಆರಂಭದಲ್ಲಿ ಮುಂಬಯಿ ಪ್ರಾಂತಕ್ಕಾಗಿ ಕಂಪನಿ ಹೊರಡಿಸಿದ ಕಾಲಾಣೆ. ತಕ್ಕಡಿಯ ಎರಡು ತಟ್ಟೆಗಳ ನಡುವೆ ಅರಬ್ಬಿ ಅಕ್ಷರದಲ್ಲಿ 'ಅದ್ಲ್' ಎಂದಿದೆ, ನ್ಯಾಯ ಎಂದರ್ಥ. ಆದಿಲ್‌ಶಾಹಿ ಎಂಬ ಹೆಸರಿನಲ್ಲಿರುವ ಆದಿಲ್ ಎಂಬುದೂ ಅದೇ ಧಾತುವಿನಿಂದ ಬಂದದ್ದು, ನ್ಯಾಯವಂತ ಎಂದು. 1686ರಲ್ಲಿ ಔರಂಗಜೇಬನಿಗೆ ಕೋಟೆ ಒಪ್ಪಿಸಿ ಅಳಿದುಹೋದ ವಂಶದ ಹೆಸರಿನ ಶಬ್ದವನ್ನು, ಒಂದೂವರೆ ಶತಮಾನದ ಮೇಲೆ ಪರದೇಶದ ವ್ಯಾಪಾರಿ ಕಂಪನಿ ತನ್ನ ತಕ್ಕಡಿಯ ನಡುವೆ ಕೆತ್ತಿಸಿ ಅದೇ ಊರಿನ ಸಂತೆಗೆ ಕಳಿಸಿತು! ವ್ಯಾಪಾರಿಗೆ ತಕ್ಕಡಿ ಸಹಜವೇ.

1835ರಿಂದ ಕಂಪನಿಯ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ಬಗೆಯ ನಾಣ್ಯ ಬಂತು. ಆಗಿನ ಲೆಕ್ಕ ಈಗಿನ ಮಕ್ಕಳಿಗೆ ಪುರಾಣದಂತೆ ಕೇಳಿಸೀತು. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. ಒಟ್ಟು ರೂಪಾಯಿಗೆ 192 ಪೈ. ಪೈಸೆಯೆಂದರೆ ಕಾಲಾಣೆ. 1835ರ ಕಾಲಾಣೆಯ ಒಂದು ಬದಿಗೆ ಸಿಂಹಗಳು ಹಿಡಿದ ಕಂಪನಿಯ ಲಾಂಛನ, ಇನ್ನೊಂದು ಬದಿಗೆ ಎಲೆಗಳ ಹಾರದೊಳಗೆ ಬೆಲೆ. ಡಬ್ಬಿಯಲ್ಲಿ ಇಂಥವು ಒಂಬತ್ತಿದ್ದವು. ಇಸವಿ ನೋಡಿದೊಡನೆ ಹುಡುಗನ ಮುಖ ಮತ್ತೆ ಅರಳಿತು: ಸುಮಾರು ಇನ್ನೂರು ವರ್ಷ!

ಹಳತಾದದ್ದೆಲ್ಲ ದುಬಾರಿಯೆಂಬ ಭ್ರಮೆಯನ್ನು ಇಲ್ಲಿ ಬಿಡಬೇಕು. ನಾಣ್ಯದ ಕಿಮ್ಮತ್ತು ಅದರ ವಯಸ್ಸಿನಿಂದ ಹುಟ್ಟುವುದಿಲ್ಲ. ಎಷ್ಟು ಅಚ್ಚಾದವು, ಎಷ್ಟು ಉಳಿದವು, ಉಳಿದದ್ದು ಯಾವ ಸ್ಥಿತಿಯಲ್ಲಿದೆ, ಬೇಕೆನ್ನುವವರು ಎಷ್ಟು ಜನ, ಇವುಗಳಿಂದ ಹುಟ್ಟುತ್ತದೆ. ಈ ಕಾಲಾಣೆಗಳು ಅಪಾರ ಸಂಖ್ಯೆಯಲ್ಲಿ ಅಚ್ಚಾದವು, ತಾಮ್ರವಾದ್ದರಿಂದ ಅಪಾರವಾಗಿ ಉಳಿದವು. ಆರನೆಯ ಜಾರ್ಜನ 1939ರ ಬೆಳ್ಳಿಯ ರೂಪಾಯಿ ಅದಕ್ಕಿಂತ ನೂರು ವರ್ಷ ಕಿರಿದು, ಆದರೆ ಅತಿ ವಿರಳವಾದ್ದರಿಂದ ಅದರ ಬೆಲೆಯೇ ಬೇರೆ. ಇಸವಿಯನ್ನು ಕೂಡ ಕಣ್ಣುಮುಚ್ಚಿ ನಂಬುವಂತಿಲ್ಲ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ಅದೇ ಇಸವಿಯನ್ನು ಹೊತ್ತು 1874ರವರೆಗೂ ಅಚ್ಚಾಗುತ್ತಿತ್ತು. ಮುಖದ ಸುತ್ತ 'ಕ್ವೀನ್' ಎಂದಿದ್ದರೆ 1877ಕ್ಕಿಂತ ಹಿಂದಿನದು, 'ಎಂಪ್ರೆಸ್' ಎಂದಿದ್ದರೆ ಆ ಮೇಲಿನದು; ಇಸವಿ ಅಳಿಸಿಹೋದ ಪೈಸೆಗೆ ಇದು ಒಳ್ಳೆಯ ಗುರುತು.

ತೂಕವೂ ಮಾತಾಡುತ್ತದೆ. ತಾಮ್ರದ ಹಳೆಯ ಕಾಲಾಣೆ ಸುಮಾರು ಆರೂವರೆ ಗ್ರಾಂ. 1906ರಲ್ಲಿ, ಏಳನೆಯ ಎಡ್ವರ್ಡನ ಕಾಲದಲ್ಲಿ, ತಾಮ್ರವನ್ನು ಬಿಟ್ಟು ಕಂಚನ್ನು ಹಿಡಿದರು. ತೂಕ ಐದು ಗ್ರಾಮಿಗಿಂತ ಕೆಳಗೆ ಇಳಿಯಿತು. ನನ್ನ ತಕ್ಕಡಿಯಲ್ಲಿ ಇಸವಿ ಕಾಣದ ಎರಡು ಎಡ್ವರ್ಡ್ ಪೈಸೆಗಳನ್ನು ಹೀಗೆಯೇ ಬೇರೆ ಮಾಡಿದೆವು. ಎರಡನೆಯ ಮಹಾಯುದ್ಧದಲ್ಲಿ ಲೋಹದ ಅಭಾವ ಇನ್ನೂ ಹೆಚ್ಚಾಯಿತು. 1943ರಿಂದ 1947ರವರೆಗೆ ಅಚ್ಚಾದ ಪೈಸೆಯ ನಡುವೆ ದೊಡ್ಡ ತೂತು! ತೂಕ ಎರಡು ಗ್ರಾಮಿನ ಆಸುಪಾಸು. ರಾಜನ ಮುಖಕ್ಕೆ ಜಾಗವೇ ಇಲ್ಲ, ತೂತಿನ ಮೇಲೆ ಕಿರೀಟವೊಂದೇ ಉಳಿಯಿತು. ನಮ್ಮ ಕಡೆಯಲ್ಲಿ ಇದು ತೂತಿನ ದುಡ್ಡು. ಬಂಡಿಯ ಮೊಳೆಗೆ ಬಿಲ್ಲೆಯಾಗಿ, ಕೂಸಿನ ಉಡುದಾರದಲ್ಲಿ ಪದಕವಾಗಿ ಅದು ಚಲಾವಣೆ ನಿಂತ ಮೇಲೆಯೂ ದುಡಿಯಿತು. ಡಬ್ಬಿಯಲ್ಲಿ ಅಂಥವು ಆರು. ಒಂದಕ್ಕೆ ಕಪ್ಪು ದಾರ ಇನ್ನೂ ಹಾಗೆಯೇ ಇತ್ತು. ಅಜ್ಜಿ ಅದನ್ನು ಮಾತಿಲ್ಲದೆ ತೆಗೆದುಕೊಂಡು ತಮ್ಮ ಮುಷ್ಟಿಯಲ್ಲಿ ಇಟ್ಟುಕೊಂಡರು. ನಾವು ಕೇಳಲಿಲ್ಲ.

ಮೂಡಲ ಸೀಮೆಯಿಂದ ಬಂದ ಒಂದೆರಡು ಹೈದರಾಬಾದು ಸಂಸ್ಥಾನದ ಪೈಗಳಿದ್ದವು. 7 ಹಾಲಿ ರೂಪಾಯಿಗೆ 6 ಕಲ್ದಾರ ಎಂಬ ಲೆಕ್ಕವನ್ನು ಗಡಿಯ ಸಂತೆಗಳಲ್ಲಿ ಓದು ಬಾರದವರೂ ಬೆರಳ ತುದಿಯಲ್ಲಿ ಮಾಡುತ್ತಿದ್ದ ಕಾಲವದು.

1957ರ ಏಪ್ರಿಲ್ 1ರಂದು ಈ ಆಣೆ ಪೈಗಳ ಲೋಕ ಮಗುಚಿಕೊಂಡಿತು. ರೂಪಾಯಿಗೆ 100 ನಯಾ ಪೈಸೆ. ಅಜ್ಜಿ ಆಗ ಹೊಸದಾಗಿ ಮದುವೆಯಾಗಿ ಬಂದವರು. ಆ ದಿನಗಳನ್ನು ಅವರು ನೆನೆದ ಬಗೆ ಯಾವ ಇತಿಹಾಸದ ಪುಸ್ತಕದಲ್ಲಿಯೂ ನನಗೆ ಸಿಕ್ಕಿರಲಿಲ್ಲ. "ಪೈಸೆಕ್ಕ ಒಂದು ಸಿವುಡು ಕೊತ್ತಂಬರಿ ಬರ್ತಿತ್ರಿ. ಹೊಸಾ ಪೈಸೆ ಬಂದ ಮ್ಯಾಲ ಸಿವುಡಿಗೆ ಎರಡು ಪೈಸೆ ಇಸ್ಕೊಂಡ್ರು. ನಾಕು ಸಿವುಡು ಕೂಡೇ ತಗೊಂಡ್ರ ಆರು, ಒಂದೊಂದ ತಗೊಂಡ್ರ ಎಂಟು. ಬಡವ್ರು ಒಂದೊಂದ ಅಲ್ಲೇನ್ರಿ ತಗೊಳೋದು?" ಕೋಷ್ಟಕ ನೋಡಿದರೆ ಆ ಲೆಕ್ಕ ತಪ್ಪಿಲ್ಲ. ಒಂದು ಹಳೆಯ ಪೈಸೆ ನಿಖರವಾಗಿ 1.5625 ನಯಾ ಪೈಸೆ. ಅದನ್ನು 2 ಎಂದು ತುಂಬಿಸಿದರು. ಒಂದು ಆಣೆ 6.25, ಅದನ್ನು 6 ಎಂದು ಇಳಿಸಿದರು. ಇಡಿಯಾಗಿ ಕೊಳ್ಳಬಲ್ಲವನಿಗೆ ಲಾಭ, ಬಿಡಿಯಾಗಿ ಕೊಳ್ಳುವವನಿಗೆ ನಷ್ಟ. ದಶಮಾಂಶ ಪದ್ಧತಿ ಅಗತ್ಯವಾಗಿತ್ತು, ಒಳ್ಳೆಯದೂ ಆಯಿತು. ಆದರೆ ಅತಿ ಸಣ್ಣ ನಾಣ್ಯದ ಪೂರ್ಣಾಂಕದಲ್ಲಿ ಕಳೆದುಹೋದ ಎರಡು ಪೈಸೆಯನ್ನು ಒಬ್ಬ ಸೊಸೆ ಆರು ದಶಕಗಳ ಮೇಲೆಯೂ ಮರೆತಿರಲಿಲ್ಲ.

ನಯಾ ಎಂಬ ವಿಶೇಷಣ 1964ರಲ್ಲಿ ಬಿದ್ದುಹೋಯಿತು. ಅದೇ ವರ್ಷ ಆರು ಮೂಲೆಯ 3 ಪೈಸೆ ಬಂತು. ಮರುವರ್ಷದಿಂದ 1 ಪೈಸೆಯೂ ಅಲ್ಯುಮಿನಿಯಮ್ ಆಯಿತು, ತೂಕ ಮುಕ್ಕಾಲು ಗ್ರಾಂ. ಗಾಳಿಗೆ ಹಾರೀತೆಂದು ನಾವು ಹುಡುಗರು ಊದಿ ನೋಡುತ್ತಿದ್ದೆವು. 1968ರಲ್ಲಿ ಬಂದ, ಕಮಲದ ಚಿತ್ರವಿದ್ದ ಹಳದಿಯ 20 ಪೈಸೆಯ ವೈಭವವೇ ಬೇರೆ. ನಿಕಲ್ ಬೆರೆತ ಹಿತ್ತಾಳೆ. ಅದರಲ್ಲಿ ಬಂಗಾರವಿದೆಯೆಂದು ಗುಲ್ಲೆದ್ದಿತು. ಲಕ್ಷ್ಮೀಪೂಜೆಗೆಂದು 108 ಕೂಡಿಸಿಟ್ಟ ಮನೆಗಳಿವೆ. ಅಜ್ಜಿಯ ಡಬ್ಬಿಯಲ್ಲಿ ಇಪ್ಪತ್ಮೂರಿದ್ದವು. ಹೀಗೆ ಎಲ್ಲರೂ ಜೋಪಾನವಾಗಿ ಎತ್ತಿಟ್ಟುಕೊಂಡ ನಾಣ್ಯ ಎಂದಿಗೂ ದುರ್ಲಭವಾಗುವುದಿಲ್ಲ. ಇಸವಿಯ ಕೆಳಗಿನ ಚಿಹ್ನೆಯನ್ನು ನೋಡುವ ಚಾಳಿಯನ್ನು ಹುಡುಗನಿಗೆ ಆಗ ಹಚ್ಚಿಸಿದೆ. ವಜ್ರದಾಕಾರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ದುಂಡು ಚುಕ್ಕೆಯಿದ್ದರೆ ನೊಯ್ಡಾ, ಏನೂ ಇರದಿದ್ದರೆ ಕಲಕತ್ತೆ. ಅವನು ಒಂದು ಗಂಟೆ ತಲೆ ಎತ್ತಲಿಲ್ಲ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ಎಲ್ಲ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಕೊನೆಗೊಂಡಿತು. ಚಾರಾಣೆ ಎಂಬ ಶಬ್ದಕ್ಕೆ ಈಗ ನಾಣ್ಯವಿಲ್ಲ, ಬಾರಾಣೆ ಮೊದಲಿನಿಂದಲೂ ಬಾಯಿಮಾತೇ. ಎಂಟಾಣೆಯೊಂದು ಕಾನೂನಿನಲ್ಲಿ ಮಾತ್ರ ಜೀವಂತವಾಗಿದೆ.

ಕಡೆಗೆ ಕಿಮ್ಮತ್ತಿನ ಮಾತು ಬಂತು. ನಾನು ವ್ಯಾಪಾರಿಯಲ್ಲ, ಆದರೆ ನಾಣ್ಯಗಳ ಹರಾಜು, ಮಾರಾಟಗಳ ಪಟ್ಟಿಗಳನ್ನು ಕುತೂಹಲದಿಂದ ನೋಡುತ್ತ ಬಂದವನು. ಈ ಸ್ಥಿತಿಯ ಕಾಲಾಣೆಗಳು, ತೂತಿನ ದುಡ್ಡುಗಳು, ಕಮಲದ ಇಪ್ಪತ್ತು ಪೈಸೆಗಳು ಬಿಡಿಯಾಗಿ ಕೆಲವು ಹತ್ತು ರೂಪಾಯಿಗಳ ಸರಕು. ಶಿವರಾಯಿಗಳದೂ ಹೆಚ್ಚುಕಡಿಮೆ ಅದೇ ದಾರಿ. ಇಬ್ರಾಹಿಮನ ಬಿಲ್ಲೆಗೆ, ಅಕ್ಷರ ಸ್ಪಷ್ಟವಿರುವುದರಿಂದ, ಒಳ್ಳೆಯ ಗಿರಾಕಿ ಸಿಕ್ಕರೆ ಕೆಲವು ನೂರು. ಡಬ್ಬಿಯೆಲ್ಲ ಸೇರಿದರೂ ಕೇಳುತ್ತಿದ್ದ ಮುಂಗಡದ ಹತ್ತಿರಕ್ಕೂ ಬರುವುದಿಲ್ಲ. ಇದನ್ನು ಹೇಳುವುದು ಸುಲಭವಾಗಿರಲಿಲ್ಲ. ಹೇಳಿದೆ. ಹಳೆಯ ನಾಣ್ಯ ನೋಟುಗಳ ಮಾರಾಟಕ್ಕೆ ತನ್ನ ಹೆಸರಿನಲ್ಲಿ ಶುಲ್ಕ, ತೆರಿಗೆ ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಎಚ್ಚರಿಸಿತ್ತು ಎಂಬುದನ್ನೂ ತೋರಿಸಿದೆ. ಕೊಳ್ಳುವವನು ಹಣ ಕೊಡುತ್ತಾನೆಯೇ ಹೊರತು ಕೇಳುವುದಿಲ್ಲ. ಕಳೆದುಹೋದ 1,150 ರೂಪಾಯಿಗಾಗಿ 1930 ಎಂಬ ಸಹಾಯವಾಣಿಗೆ ಹುಡುಗ ನಮ್ಮ ಮನೆಯಿಂದಲೇ ದೂರು ಕೊಟ್ಟ.

ನೆಲದಲ್ಲಿ ಸಿಕ್ಕ ನಾಣ್ಯಗಳ ವಿಷಯದಲ್ಲಿ ಒಂದು ಕಾನೂನಿನ ಮಾತನ್ನೂ ಸೇರಿಸಬೇಕು. ಮಣ್ಣಿನಲ್ಲಿ ಹುದುಗಿದ್ದ ನಿಧಿಯ ಬೆಲೆ 10 ರೂಪಾಯಿ ಮೀರಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ಹೇಳುತ್ತದೆ. ಕುಡಿಕೆ ತುಂಬ ನಾಣ್ಯ ಸಿಕ್ಕಾಗ ಮನೆಮಂದಿ ಹಂಚಿಕೊಂಡು ಕರಗಿಸಿಬಿಟ್ಟರೆ, ಅವೆಲ್ಲ ಒಂದೇ ಕಡೆ ಇದ್ದುದರಿಂದ ತಿಳಿಯಬಹುದಾಗಿದ್ದ ಕಾಲ, ಮಾರ್ಗ, ವ್ಯಾಪಾರದ ಸಂಬಂಧ ಎಲ್ಲವೂ ಕರಗಿಹೋಗುತ್ತವೆ. ನೂರು ವರ್ಷ ಮೀರಿದ ನಾಣ್ಯವು 1972ರ ಕಾಯಿದೆಯ ಪ್ರಕಾರ ಪುರಾವಸ್ತು; ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಆದಿಲ್‌ಶಾಹಿ ಕಾಲದ ವಸ್ತುಗಳನ್ನು ನೋಡಬಯಸುವವರು ಗೋಲಗುಂಬಜದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿ ನಾಣ್ಯಗಳೂ ಇವೆ. ಎಲ್ಲರೂ ಗುಂಬಜದೊಳಗೆ ಕೂಗಿ ಪ್ರತಿಧ್ವನಿ ಕೇಳುವ ಅವಸರದಲ್ಲಿ ಅವುಗಳನ್ನು ದಾಟಿಹೋಗುತ್ತಾರೆ.

ಕತ್ತಲಾಗಿತ್ತು. ಒಂದೊಂದು ಗುಂಪನ್ನೂ ಕಾಗದದಲ್ಲಿ ಸುತ್ತಿ ಮೇಲೆ ಹೆಸರು ಬರೆದುಕೊಟ್ಟೆ. ಇಬ್ರಾಹಿಮನ ಬಿಲ್ಲೆಯ ಪೊಟ್ಟಣದ ಮೇಲೆ ಶಿಕ್ಷಕರು ಪಾರಸಿ ಲಿಪಿಯಲ್ಲಿಯೂ ನಾನು ಕನ್ನಡದಲ್ಲಿಯೂ 'ಅಬಲಾ ಬಲಿ' ಎಂದು ಬರೆದೆವು. ಅಜ್ಜಿ ಬೋರಮಾಳವನ್ನು ಸೆರಗಿನೊಳಗೆ ಸರಿಪಡಿಸಿಕೊಂಡು ಎದ್ದರು. ಹನುಮಂತನ ಮುದ್ರೆ ಪತ್ರಿಕೆಯ ಮೇಲೆಯೇ ಉಳಿದಿತ್ತು. ಅದನ್ನು ಚೆಲ್ಲಲೇ ಎಂದು ಮೊಮ್ಮಗ ಕೇಳಿದ.

"ಏ, ಹುಚ್ಚ! ನಾಣ್ಯ ಸುಳ್ಳಾದ್ರ ದೇವರೂ ಸುಳ್ಳೇನು? ಕೊಡ ಇಲ್ಲಿ, ಜಗಲಿ ಮ್ಯಾಲ ಇಡ್ತೀನಿ" ಎಂದು ಅವರು ಅದನ್ನು ಕಣ್ಣಿಗೊತ್ತಿಕೊಂಡು, ದಾರದ ತೂತಿನ ದುಡ್ಡಿನೊಡನೆ ಅದೇ ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲಿಳಿದರು.

(ಆಕಾಶವಾಣಿಯ ಕೃಪೆಯಿಂದ)